ಕುದುರೆ ಶಿಬಿರ: ಅಲ್ಲೇ ಉಳಿಯೋದಾ, ದಿನಾ ಹೋಗಿ ಬರೋದಾ?

ಶಿರಸಿಯ ಅಕ್ಕ ಒಬ್ಬರು ಕೇಳಿದ್ದರು: 12 ವರ್ಷದ ಮಗಳಿಗೆ ಕುದುರೆ ಹುಚ್ಚು. ರಜೆಯಲ್ಲಿ ಬೆಂಗಳೂರಿನ ವಸತಿ ಶಿಬಿರಕ್ಕೆ ಸೇರಿಸೋದಾ, ಚಿಕ್ಕಮ್ಮನ ಮನೆಯಲ್ಲಿಟ್ಟು ದಿನದ ತರಗತಿಗೆ ಕಳಿಸೋದಾ?

ಖರ್ಚು ನೋಡಿದರೆ ದಿನದ ತರಗತಿ ಹಗುರ. ಆದರೆ ಬೇಸಿಗೆಯಲ್ಲಿ ಸವಾರಿ ಬಿಸಿಲೇರುವ ಮೊದಲೇ. ಅಷ್ಟು ಬೆಳಿಗ್ಗೆ ಊರಾಚೆಯ ಲಾಯಕ್ಕೆ ಬಿಡುವವರು ಯಾರು? ಚಿಕ್ಕಮ್ಮನ್ನ ಮೊದಲು ಕೇಳಿ.

ಆರೈಕೆ ಕಲಿಯಬೇಕಿದ್ದರೆ ಮಾತ್ರ ಉಳಿಯೋದೇ ಮೇಲು. ಕುದುರೆಯ ಕೆಲಸ ಸವಾರಿ ಮುಗಿದ ಮೇಲೂ ಇರುತ್ತದೆ. ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ಕಾಲೆತ್ತಿಸಿ, ಗೊರಸಿನೊಳಗೆ ಸಿಕ್ಕ ಕಲ್ಲು, ಲದ್ದಿಯನ್ನು ಕೊಕ್ಕೆಯಿಂದ ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆರೆಯಬೇಕು. ಕೊಟ್ಟಿಗೆ ಗುಡಿಸಿದ ಮಕ್ಕಳಿಗೆ ಇದೇನು ಹೊಸದಲ್ಲ, ಅಲ್ವಾ? ಒಂದೇ ಎಚ್ಚರ: ಆಕಳಿನ ಹಾಗೆ ಹಿಂದಿನಿಂದ ಹೋಗಿ ಬೆನ್ನು ತಟ್ಟಬಾರದು. ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಬೇಕು.

ಮನೆ ಬಿಟ್ಟು ಇದ್ದು ಗೊತ್ತಿಲ್ಲದ ಮಗು, ಅಥವಾ ಈ ಹುಚ್ಚು ಎಷ್ಟು ದಿನವೋ ಅನ್ನೋ ಅನುಮಾನ ಇದ್ದರೆ ದಿನದ ತರಗತಿ ಸಾಕು. ಸುಮ್ನೆ ದುಡ್ಡು ಕಟ್ಟಬೇಡಿ. ಎಲ್ಲೇ ಆಗಲಿ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಕೊಡುತ್ತಾರಾ, ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳು ಅಂತ ಕೇಳಿಯೇ ಹಣ ಕೊಡಿ.