ಉಂಗುರ ಕರಗಿದ ಮೇಲಿನ ಅರ್ಧ ಗಂಟೆ: ದಾವಣಗೆರೆಯ ಮನೆಯಲ್ಲಿ 'ದಿ ರಿಟರ್ನ್ ಆಫ್ ದಿ ಕಿಂಗ್' 4ಕೆ ಡಿಸ್ಕ್

2003ರ ಡಿಸೆಂಬರ್‌ನಲ್ಲಿ ತೆರೆಕಂಡ, 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಈ ಕೊನೆಯ ಚಿತ್ರದ ಮೇಲೆ ಇವತ್ತಿಗೂ ಒಂದೇ ದೂರು ಕೇಳಿಬರುತ್ತದೆ: ದುಷ್ಟ ದೊರೆ ಸೌರಾನ್‌ನ ಉಂಗುರ ಬೆಂಕಿಗೆ ಬಿತ್ತಲ್ಲ, ಇನ್ನೂ ಯಾಕೆ ಮುಗಿಯಲಿಲ್ಲ? ಬೆಟ್ಟ ಸಿಡಿದು, ಕಪ್ಪು ಗೋಪುರ ಕುಸಿದ ಮೇಲೂ ಕಥೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ನಡೆಯುತ್ತದೆ. ಆಮೇಲೆ ಹಾಡು, ಹೆಸರುಗಳು. ಈ ವಿಮರ್ಶೆ ಬರೆದದ್ದೇ ಆ ಭಾಗದ ಸಲುವಾಗಿ. ಸರಣಿಯ ಮೂರು ಚಿತ್ರಗಳಲ್ಲಿ ಅತ್ಯುತ್ತಮ ಭಾಗ ಅದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮನೆಯಲ್ಲಿ ನೋಡುವಾಗ ಅತಿ ಸುಲಭವಾಗಿ ಕೆಡುವುದೂ ಅದೇ. ಕಥೆಯನ್ನು ಪೂರ್ತಿ ಬಿಚ್ಚಿಟ್ಟಿದ್ದೇನೆ, ಚಿತ್ರ ನೋಡದವರು ನೋಡಿಯೇ ಮುಂದೆ ಓದಿ.

ಕನ್ನಡದವರಿಗೆ ಈ ಅಂತ್ಯ ಉದ್ದವೆನ್ನಿಸಬಾರದು. ಕುಮಾರವ್ಯಾಸ ಗದಾಪರ್ವಕ್ಕೆ ಕಾವ್ಯ ನಿಲ್ಲಿಸಿದ ಮೇಲೆ ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಬರೆದು ಪೂರೈಸಬೇಕಾಯಿತು. ದುರ್ಯೋಧನನ ತೊಡೆ ಮುರಿದರೆ ಯುದ್ಧ ಮುಗಿಯುತ್ತದೆ, ಭಾರತ ಮುಗಿಯುವುದಿಲ್ಲ. ಗೆದ್ದವರೇ ರಾಜ್ಯ ಬಿಟ್ಟು ಉತ್ತರಕ್ಕೆ ನಡೆಯುವ ಮಹಾಪ್ರಸ್ಥಾನ ಬಲ್ಲ ನಮಗೆ, ಲೋಕವನ್ನು ಉಳಿಸಿದ ಫ್ರೋಡೋ ಕೊನೆಗೆ ತನ್ನ ಊರಲ್ಲಿ ಇರಲಾರದೆ ಹಡಗು ಹತ್ತುವುದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿಳಿದವರಿಗೆ, ಏಳು ಸುತ್ತು ಗೋಡೆಯ ಮಿನಾಸ್ ತಿರಿತ್ ನಗರವೂ ಪರಕೀಯವೆನ್ನಿಸುವುದಿಲ್ಲ.

ಮೊದಲು ಆ ಬಂಡೆಯ ದೃಶ್ಯ. ಸುತ್ತ ಲಾವಾ ಹರಿಯುತ್ತಿದೆ, ಫ್ರೋಡೋ ಮತ್ತು ಅವನ ಜೊತೆಗಾರ ಸ್ಯಾಮ್ ಸಾಯಲು ಕಾಯುತ್ತಿದ್ದಾರೆ. ಸ್ಯಾಮ್ ಊರಿನ ಹುಡುಗಿ ರೋಸಿಯ ನೆನಪು ತೆಗೆಯುತ್ತಾನೆ, ಅವಳ ಕೂದಲಿನ ರಿಬ್ಬನ್ ನೆನೆಯುತ್ತಾನೆ, ಮದುವೆ ಅಂತ ಆಗುವುದಿದ್ದರೆ ಅವಳನ್ನೇ ಆಗುತ್ತಿದ್ದೆ ಎಂದು ಅಳುತ್ತಾನೆ. ಈ ಮಾತು ಪಿಸುದನಿಗಿಂತ ತುಸು ಮೇಲಿದೆ ಅಷ್ಟೇ. ಅದರ ಹಿಂದಿನ ನಿಮಿಷವೋ, ಗೋಪುರ ಕುಸಿಯುವ ಭಯಂಕರ ಸದ್ದು. ಮನೆಮನೆಯಲ್ಲೂ ಆಗುವ ಎಡವಟ್ಟು ಇಲ್ಲೇ. ಗೋಪುರ ಬೀಳುವಾಗ ಯಾರೋ ರಿಮೋಟ್ ಹಿಡಿದು ದನಿ ತಗ್ಗಿಸುತ್ತಾರೆ, ಮತ್ತೆ ಏರಿಸುವುದನ್ನು ಮರೆಯುತ್ತಾರೆ. ಅಲ್ಲಿಂದ ಕೊನೆಯವರೆಗೆ ಬರುವ ಮಾತುಗಳೆಲ್ಲ ಮೆಲುದನಿಯವು, ಅರ್ಧ ಕಿವಿಗೆ ಬೀಳುವುದೇ ಇಲ್ಲ. ಆದ್ದರಿಂದ ಚಿತ್ರ ಹಾಕುವ ಮೊದಲೇ ಈ ಬಂಡೆಯ ದೃಶ್ಯಕ್ಕೆ ಹೋಗಿ, ಮುಂದೆ ಬಾಗದೆ, ಸೋಫಾಕ್ಕೆ ಒರಗಿಯೇ ಸ್ಯಾಮ್‌ನ ಮಾತು ಸ್ಪಷ್ಟ ಕೇಳುವಷ್ಟು ದನಿ ಇಟ್ಟುಕೊಳ್ಳಿ. ಆಮೇಲೆ ರಿಮೋಟ್ ಮುಟ್ಟಬೇಡಿ. ಸ್ಪೀಕರ್ ಸೆಟ್ ಇದ್ದವರು ನಡುವಿನ ಸ್ಪೀಕರ್ ಮಟ್ಟವನ್ನು 2ರಿಂದ 3 ಡೆಸಿಬೆಲ್ ಏರಿಸಿದರೆ ಮಾತು ಎದ್ದು ಬರುತ್ತದೆ, ಸಂಗೀತ ಕೆಡುವುದಿಲ್ಲ. 'ನೈಟ್ ಮೋಡ್' ಮಾತ್ರ ಬೇಡ. ಅದು ಸಣ್ಣ ಸದ್ದನ್ನು ಹಿಗ್ಗಿಸಿ ದೊಡ್ಡ ಸದ್ದನ್ನು ಕುಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಹೋವರ್ಡ್ ಶೋರ್ ಸಂಗೀತ ಮೌನದಿಂದ ಮೆಲ್ಲಗೆ ಏರುವುದೇ ಮುಂದಿನ ದೃಶ್ಯಗಳ ಜೀವಾಳ. ಆ ಏರಿಕೆಯನ್ನೇ ಅದು ತಿಂದುಹಾಕುತ್ತದೆ.

ಪಟ್ಟಾಭಿಷೇಕಕ್ಕೆ ಬರೋಣ. ಕಿರೀಟ ಧರಿಸಿದ ಅರಗಾರ್ನ್ ಹಾಡುವ ನಾಲ್ಕು ಮಾತು ಎಲ್ಫ್ ಭಾಷೆಯದು. ಸಮುದ್ರ ದಾಟಿ ಈ ನೆಲಕ್ಕೆ ಬಂದೆ, ಲೋಕ ಇರುವ ತನಕ ನಾನೂ ನನ್ನ ಸಂತತಿಯೂ ಇಲ್ಲೇ ನೆಲೆಸುತ್ತೇವೆ ಎಂದು ಅವನ ಪೂರ್ವಜ ಎಲೆಂಡಿಲ್ ಆಡಿದ ಮಾತು. ಅದಕ್ಕೆ ರಾಗ ಹಾಕಿದವರು ನಟ ವಿಗ್ಗೋ ಮಾರ್ಟೆನ್ಸನ್ ಅವರೇ. ಇದಾದ ಮೇಲೆ ಫ್ರೋಡೋ, ಸ್ಯಾಮ್, ಮೆರಿ, ಪಿಪಿನ್ ಎಂಬ ನಾಲ್ವರು ಹಾಬಿಟ್‌ಗಳು, ಅಂದರೆ ಕುಳ್ಳ ಜನರು, ರಾಜನಿಗೆ ಬಾಗಲು ಹೋಗುತ್ತಾರೆ. ಅವನು ತಡೆಯುತ್ತಾನೆ, ನೀವು ಯಾರಿಗೂ ತಲೆಬಾಗಬೇಕಿಲ್ಲ ಎಂದು ತಾನೇ ಮಂಡಿಯೂರುತ್ತಾನೆ. ಅವನ ಹಿಂದೆ ಇಡೀ ನಗರ ಮಂಡಿಯೂರುತ್ತದೆ.

ಇಲ್ಲಿ ನನಗೆ ಕಣ್ಣು ತುಂಬದೆ ಇರುವುದಿಲ್ಲ. ಆದರೆ ಜನಸಾಗರದ ಕಡೆ ನೋಡಬೇಡಿ, ಫ್ರೋಡೋನ ಮುಖ ನೋಡಿ. ಉಳಿದ ಮೂವರಿಗೆ ಅಚ್ಚರಿ, ಸಂಕೋಚ. ಅವನ ಮುಖದಲ್ಲಿ ಇನ್ನೇನೋ ಇದೆ. ಬೆಂಕಿಯ ಅಂಚಿನಲ್ಲಿ ನಿಂತು ಉಂಗುರವನ್ನು ಎಸೆಯಲಾರದೆ, ಇದು ನನ್ನದು ಎಂದು ಬೆರಳಿಗೆ ಹಾಕಿಕೊಂಡವನು ಅವನು. ಉಂಗುರದ ಹುಚ್ಚು ಹಿಡಿದ ಗಾಲಮ್ ಆ ಬೆರಳು ಕಚ್ಚಿ ಕಿತ್ತುಕೊಂಡದ್ದರಿಂದ ಲೋಕ ಉಳಿಯಿತು. ಅದು ಗೊತ್ತಿರುವುದು ಅವನಿಗೆ, ಪಕ್ಕದಲ್ಲಿರುವ ಸ್ಯಾಮ್‌ಗೆ. ಅಷ್ಟು ಜನ ಮಂಡಿಯೂರಿದಾಗ ಆ ಗೌರವ ಅವನ ಮೇಲೆ ಭಾರವಾಗಿ ಇಳಿಯುತ್ತದೆ. ಅವನು ಮುಂದೆ ಊರು ಬಿಡುವುದರ ಬೀಜ ಇಲ್ಲೇ ಇದೆ. ಫ್ರೋಡೋ ಆಗಿ ಎಲಿಜಾ ವುಡ್ ಒಂದು ಮಾತೂ ಆಡದೆ ಇಷ್ಟನ್ನೂ ಕೊಟ್ಟಿದ್ದಾರೆ.

ಈ ಚೌಕಟ್ಟಿನಲ್ಲಿ ನಾಲ್ವರು ಅಗಲಕ್ಕೆ ಸಾಲಾಗಿ ನಿಲ್ಲುತ್ತಾರೆ. ಚಿತ್ರದ ಅಗಲ-ಎತ್ತರದ ಅಳತೆ 2.39:1, ಟಿವಿಯದು 16:9. ಆದ್ದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದೇ ಬರುತ್ತದೆ, ಪರದೆಯ ಎತ್ತರದಲ್ಲಿ ಮುಕ್ಕಾಲು ಪಾಲು ಮಾತ್ರ ಚಿತ್ರಕ್ಕೆ ಸಿಗುತ್ತದೆ. ಪಟ್ಟಿ ಕಂಡರೆ ಸಿಡುಕಿ ಜೂಮ್ ಒತ್ತುವವರು ಬಹಳ. ಜೂಮ್ ಒತ್ತಿದರೆ ಅಗಲದಲ್ಲಿ ನಾಲ್ಕರಲ್ಲೊಂದು ಪಾಲು ಹೋಗುತ್ತದೆ, ಸಾಲಿನ ತುದಿಯಲ್ಲಿ ನಿಂತವರು ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತಾರೆ. ಟಿವಿಯ ಚಿತ್ರ ಗಾತ್ರವನ್ನು 'ಒರಿಜಿನಲ್' ಅಥವಾ 'ಜಸ್ಟ್ ಸ್ಕ್ಯಾನ್'ಗೆ ಇಡಿ, ಸೋಫಾವನ್ನು ಹತ್ತಿರ ಎಳೆಯಿರಿ. 55 ಇಂಚಿನ ಟಿವಿಗೆ ಐದೂವರೆಯಿಂದ ಏಳು ಅಡಿ ಸರಿ. ನಮ್ಮ ಕಡೆಯ ಹಾಲ್‌ಗಳಲ್ಲಿ ಸೋಫಾ ಎದುರು ಗೋಡೆಗೆ ಅಂಟಿ ಹನ್ನೆರಡು ಅಡಿ ದೂರ ಇರುತ್ತದೆ. ಅಲ್ಲಿಂದ ಫ್ರೋಡೋನ ಮುಖ ಕಂಡೀತು, ಮುಖದ ಒಳಗಿನದು ಕಾಣದು.

ಇನ್ನೊಂದು ಮುಖ್ಯ ಸೆಟ್ಟಿಂಗ್ ಮೋಷನ್ ಸ್ಮೂದಿಂಗ್. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರದ ನಡುವೆ ಟಿವಿ ತಾನೇ ಫ್ರೇಮ್ ಹುಟ್ಟಿಸಿ ತುಂಬುತ್ತದೆ. ಆಗ ಪಟ್ಟಾಭಿಷೇಕ ಸೀರಿಯಲ್ ಶೂಟಿಂಗ್‌ನಂತೆ ಕಾಣುತ್ತದೆ. ಫ್ರೋಡೋ ಹಾಸಿಗೆಯಲ್ಲಿ ಎಚ್ಚರಗೊಂಡು ಗೆಳೆಯರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಕಾಣಿಸಿಕೊಳ್ಳುವ ನಿಧಾನಗತಿಯ ದೃಶ್ಯವಂತೂ ಪೂರಾ ಹಾಳು. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ 'ಸಿನಿಮಾ' ಮೋಡ್ ಹಾಕಿ ಸ್ಮೂದಿಂಗ್ ಆರಿಸಿ, ಬಣ್ಣದ ತಾಪವನ್ನು 'ವಾರ್ಮ್'ಗೆ ತನ್ನಿ. ಕರೆಂಟ್ ಉಳಿಸುವ ಮೋಡ್ ಕೂಡ ಆಫ್ ಆಗಿರಲಿ. ಅಗ್ಗದ ಟಿವಿಗಳಲ್ಲಿ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಚಿತ್ರ) ಮೊದಲೇ ಮಂಕು, ಅದರ ಮೇಲೆ ಇದೂ ಸೇರಿದರೆ ಲಾವಾದ ದೃಶ್ಯದಲ್ಲಿ ಮುಖಗಳು ಮಸಿಯಾಗುತ್ತವೆ.

ಊರಿಗೆ ಮರಳುವ ಭಾಗ ಚಿಕ್ಕದು, ಅಚ್ಚುಕಟ್ಟು. ನಾಲ್ವರೂ ತಮ್ಮ ಹಳೆಯ ಗ್ರೀನ್ ಡ್ರ್ಯಾಗನ್ ಹೋಟೆಲಿನಲ್ಲಿ ಕೂತಿದ್ದಾರೆ. ಅವರು ಏನು ಮಾಡಿ ಬಂದರೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ, ಎಲ್ಲರ ಕಣ್ಣೂ ಒಂದು ದೊಡ್ಡ ಕುಂಬಳಕಾಯಿಯ ಮೇಲೆ. ನಾಲ್ವರು ಮಾತಿಲ್ಲದೆ ಲೋಟ ತಾಗಿಸಿ ಕುಡಿಯುತ್ತಾರೆ. ಮೂಲ ಕಾದಂಬರಿಯಲ್ಲಿ ಅವರು ಮರಳುವಾಗ ಊರೇ ದುಷ್ಟರ ಕೈಸೇರಿರುತ್ತದೆ, ಅವರೇ ಹೋರಾಡಿ ಬಿಡಿಸಬೇಕಾಗುತ್ತದೆ. ನಿರ್ದೇಶಕ ಪೀಟರ್ ಜಾಕ್ಸನ್ ಅದನ್ನು ಕೈಬಿಟ್ಟರು. ಪುಸ್ತಕದ ಭಕ್ತರಿಗೆ ಅದು ನೋವು, ಆದರೆ ಸಿನಿಮಾಕ್ಕೆ ಈ ಮೌನದ ಮೇಜೇ ಒಪ್ಪುತ್ತದೆ.

ಕೊನೆಗೆ ಗ್ರೇ ಹೇವನ್ಸ್ ಬಂದರು. ಸೌರಾನ್‌ನ ಸೇವಕ ನಾಜ್ಗೂಲ್ ಹಿಂದೆ ಫ್ರೋಡೋನನ್ನು ಇರಿದ ಗಾಯ ನಾಲ್ಕು ವರ್ಷವಾದರೂ ಮಾಗಿಲ್ಲ. ಹಿಂದೆ ಉಂಗುರ ಹೊತ್ತಿದ್ದ ಮುದುಕ ಬಿಲ್ಬೋ ಮತ್ತು ಮಾಂತ್ರಿಕ ಗ್ಯಾಂಡಾಲ್ಫ್ ಜೊತೆ ಫ್ರೋಡೋ ಕೂಡ ಹೊರಟಿದ್ದಾನೆಂದು ಉಳಿದ ಮೂವರಿಗೆ ದಡದ ಮೇಲೆ ನಿಂತಾಗಲೇ ತಿಳಿಯುವುದು. ಫ್ರೋಡೋ ತಾನು ಬರೆದ ಕೆಂಪು ಪುಸ್ತಕವನ್ನು ಸ್ಯಾಮ್ ಕೈಗಿಡುತ್ತಾನೆ, ಕೊನೆಯ ಪುಟಗಳು ನಿನಗೆ ಎನ್ನುತ್ತಾನೆ. ಮೆರಿ, ಪಿಪಿನ್ ಅವರನ್ನು ತಬ್ಬಿ, ಸ್ಯಾಮ್‌ನ ಹಣೆಗೆ ಮುತ್ತಿಟ್ಟು ಹಡಗಿನ ಕಡೆ ನಡೆಯುತ್ತಾನೆ. ಹತ್ತಿದ ಮೇಲೆ ತಿರುಗಿ ನೋಡುತ್ತಾನೆ, ನಗುತ್ತಾನೆ. ಅಷ್ಟು ಹೊತ್ತಿನಿಂದ ಆ ಮುಖದಲ್ಲಿ ಇರದಿದ್ದ ನಗು ಅದು. ಸ್ಯಾಮ್ ಆಗಿ ಶಾನ್ ಆಸ್ಟಿನ್ ಅಳುವುದು ಎದೆ ಹಿಂಡುತ್ತದೆ. ಈ ದೃಶ್ಯವನ್ನು ಮೂರು ಸಲ ಚಿತ್ರಿಸಬೇಕಾಯಿತು: ಒಮ್ಮೆ ಊಟ ಮುಗಿಸಿ ಬಂದ ಆಸ್ಟಿನ್ ಒಳಕೋಟು ಹಾಕಿಕೊಳ್ಳಲು ಮರೆತಿದ್ದರು, ಇನ್ನೊಮ್ಮೆ ಚಿತ್ರ ಫೋಕಸ್ ತಪ್ಪಿತ್ತು. ಅಂದರೆ ಆ ಅಳುವನ್ನು ನಟರು ಮೂರು ಸಲ ಒಳಗಿಂದ ತೆಗೆದಿದ್ದಾರೆ. ಸ್ಯಾಮ್ ಮನೆಗೆ ಮರಳಿದಾಗ ಓಡಿ ಬರುವ ಪುಟ್ಟ ಮಗಳು ಆಸ್ಟಿನ್ ಅವರ ನಿಜವಾದ ಮಗಳೇ.

ಈ ದೃಶ್ಯಕ್ಕೆ ಬೇಕಿರುವುದು ನಿಶ್ಶಬ್ದ ಮತ್ತು ಕತ್ತಲೆ. ದಾವಣಗೆರೆಯ ಏಪ್ರಿಲ್-ಮೇ ಸೆಕೆಯಲ್ಲಿ ಫ್ಯಾನ್ 5ಕ್ಕೆ ತಿರುಗುತ್ತಿದ್ದರೆ ಈ ಮಾತುಗಳು ಅದರ ಸದ್ದಿನಲ್ಲೇ ಮುಳುಗುತ್ತವೆ. ಡಿಸೆಂಬರ್-ಜನವರಿಯ ರಾತ್ರಿ ಒಳ್ಳೆಯದು. ಬೇಸಿಗೆಯೇ ಆದರೆ ಕಿಟಕಿ ತೆರೆದು ಫ್ಯಾನ್ 2ಕ್ಕೆ ಇಳಿಸಿ. ಪಡುವಣ ಕಿಟಕಿಯ ಹಾಲ್‌ನಲ್ಲಿ ಸಂಜೆ ಹಾಕಲೇಬೇಡಿ, ಹೇವನ್ಸ್‌ನ ಹೊಂಬೆಳಕೆಲ್ಲ ನಿಮ್ಮ ಕಿಟಕಿಯ ಪ್ರತಿಬಿಂಬದಲ್ಲಿ ತೊಳೆದುಹೋಗುತ್ತದೆ. ಮಂಡಕ್ಕಿ-ಮೆಣಸಿನಕಾಯಿ ಯುದ್ಧದ ಹೊತ್ತಿಗೆ ಮುಗಿದಿರಲಿ. ಬಂಡೆಯ ದೃಶ್ಯದಲ್ಲಿ ಮಂಡಕ್ಕಿ ಕರಕುರು ಅಂದರೆ ಪಕ್ಕದವರ ಪಾಲಿಗೆ ಸ್ಯಾಮ್ ಮೂಕ. ಇಂಗ್ಲಿಷ್ ಸಬ್‌ಟೈಟಲ್ ಓದಲಾಗದ ಅಜ್ಜಿ, ದೊಡ್ಡಪ್ಪ ಜೊತೆಗಿದ್ದರೆ ಹೇವನ್ಸ್‌ಗೆ ಮೊದಲು ಒಂದು ನಿಮಿಷ ನಿಲ್ಲಿಸಿ: ಗಾಯ ಮಾಗಿಲ್ಲ, ಆ ಹಡಗು ಹೋದರೆ ಮರಳುವುದಿಲ್ಲ, ಉಂಗುರ ಹೊತ್ತಿದ್ದವರಿಗೆ ಅಲ್ಲಿ ನೆಮ್ಮದಿ ಇದೆ. ಈ ಮೂರು ಮಾತು ಹೇಳಿ ಮತ್ತೆ ಹಚ್ಚಿ. ದೃಶ್ಯ ನಡೆಯುವಾಗ ಪಿಸುಗುಟ್ಟಿ ಅನುವಾದ ಮಾಡಿದರೆ ಇಬ್ಬರಿಗೂ ದಕ್ಕುವುದಿಲ್ಲ.

ಕರೆಂಟ್ ಹೋದರೆ? ಇನ್ವರ್ಟರ್‌ನ ಹಿಂಬದಿ ಅಥವಾ ಮುಂದಿನ ಸ್ವಿಚ್‌ನಲ್ಲಿ 'ಯುಪಿಎಸ್ ಮೋಡ್' ಇದ್ದರೆ ಅದಕ್ಕೆ ಇಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆಗೆ ಹಿಡಿಯುವ ಆ ಕ್ಷಣದಲ್ಲೇ ಡಿಸ್ಕ್ ಪ್ಲೇಯರ್ ಆರಿ ಮತ್ತೆ ಹತ್ತುತ್ತದೆ, ಎಷ್ಟೋ ಸಲ ಚಿತ್ರ ಮೊದಲಿಂದ ಶುರುವಾಗುತ್ತದೆ. ಟಿವಿ, ಪ್ಲೇಯರ್, ಸೌಂಡ್‌ಬಾರ್, ಒಂದು ಫ್ಯಾನ್ ಸೇರಿ ಸುಮಾರು 250 ವ್ಯಾಟ್ ಎಂದಿಟ್ಟುಕೊಂಡರೆ, ಚೆನ್ನಾಗಿರುವ 150 ಎಎಚ್ ಬ್ಯಾಟರಿ ಇಡೀ ಚಿತ್ರಕ್ಕೆ ಸಾಕು. ಸೈನ್ ವೇವ್ ಅಲ್ಲದ ಹಳೆಯ ಇನ್ವರ್ಟರ್ ಆದರೆ ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಸದ್ದು ಬರುತ್ತದೆ. ಆ ಸದ್ದಿನಲ್ಲಿ ಹೇವನ್ಸ್ ನೋಡುವುದಕ್ಕಿಂತ ಕರೆಂಟ್ ಬರುವ ತನಕ ಕಾಯುವುದು ಮೇಲು.

ಇನ್ನು ಡಿಸ್ಕ್. 2020ರಲ್ಲಿ ಬಂದ, ಮೂರೂ ಚಿತ್ರಗಳ 4ಕೆ ಸೆಟ್‌ನಲ್ಲಿ ಒಂಬತ್ತು ಡಿಸ್ಕ್: ಥಿಯೇಟರ್ ಆವೃತ್ತಿಗೆ ಒಂದೊಂದು, ವಿಸ್ತೃತ ಆವೃತ್ತಿಗೆ ಎರಡೆರಡು. ಚಿತ್ರ ತಯಾರಾದ ಬಗೆಗಿನ ಸಾಕ್ಷ್ಯಚಿತ್ರಗಳು ಇದರಲ್ಲಿಲ್ಲ. ಅವು 2011ರ 15 ಡಿಸ್ಕ್‌ಗಳ ಬ್ಲೂ-ರೇ ಸೆಟ್‌ನಲ್ಲಿವೆ. 4ಕೆಯಲ್ಲಿ ಬೆಳಕು-ನೆರಳು ಬಹಳ ಚೆನ್ನ, ಆದರೆ ಕೆಲವು ಶಾಟ್‌ಗಳಲ್ಲಿ ಫಿಲ್ಮ್ ಗ್ರೇನ್ ತೊಳೆದದ್ದು ಅತಿಯಾಗಿ ಚರ್ಮ ಮೇಣದಂತಾಗಿದೆ. ಇದು ನಿಜವಾದ ಕೊರತೆ. 4ಕೆ ಡಿಸ್ಕ್‌ಗೆ ವಲಯದ ಬೀಗವಿಲ್ಲ, ಎಲ್ಲಿಂದ ತರಿಸಿದರೂ ಓಡುತ್ತದೆ. ಸಾದಾ ಬ್ಲೂ-ರೇಗೆ ಭಾರತ 'ಸಿ' ವಲಯ, ಹೊರದೇಶದ್ದು ಕೊಳ್ಳುವಾಗ ಕವರ್ ಹಿಂದಿನ ಷಟ್ಕೋನದ ಗುರುತಿನಲ್ಲಿ ಯಾವ ಅಕ್ಷರ ಇದೆ ನೋಡಿ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಈ 4ಕೆ ಡಿಸ್ಕ್ ಓಡಿಸುತ್ತದೆ, ಆದರೆ ಡಾಲ್ಬಿ ವಿಷನ್ (ಎಚ್‌ಡಿಆರ್‌ನ ಮೇಲ್ಮಟ್ಟದ ಬಗೆ) ಇಲ್ಲದೆ. ಪ್ಲೇಸ್ಟೇಷನ್ 4, ಪ್ರೊ ಆದರೂ, ಓಡಿಸುವುದಿಲ್ಲ. ಟಿವಿಯಿಂದ ಸೌಂಡ್‌ಬಾರ್‌ಗೆ ದನಿ ಕಳಿಸುವ ಎಚ್‌ಡಿಎಂಐ ಸಂಪರ್ಕ ಸಾದಾ ಎಆರ್‌ಸಿ ಆದರೆ ಡಿಸ್ಕ್‌ನ ಪೂರ್ಣ ಗುಣಮಟ್ಟದ ಅಟ್ಮಾಸ್ (ಸುತ್ತಲೂ ಮೇಲಿಂದಲೂ ಬರುವ) ದನಿ ಸಿಗದು, ಅದರ ಸುಧಾರಿತ ರೂಪ ಇಎಆರ್‌ಸಿ ಬೇಕು.

201 ನಿಮಿಷದ್ದೋ, 251 ನಿಮಿಷದ ವಿಸ್ತೃತವೋ? ಸೇರಿಸಿದ ದೊಡ್ಡ ದೃಶ್ಯಗಳೆಲ್ಲ ಉಂಗುರ ಕರಗುವ ಮೊದಲೇ ಬರುತ್ತವೆ, ಅಂತ್ಯಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಆದರೂ ವಿಸ್ತೃತದ ಒಂದು ದೃಶ್ಯ ಅಂತ್ಯದ ತೂಕ ಹೆಚ್ಚಿಸುತ್ತದೆ: ಕಪ್ಪು ದ್ವಾರದಲ್ಲಿ ಸೌರಾನ್‌ನ ದೂತ ಫ್ರೋಡೋನ ಬೆಳ್ಳಿಯಂಥ ಕವಚವನ್ನು ಎಸೆದು, ಅವನು ಸತ್ತನೆಂದು ನಂಬಿಸುವುದು. ಅದಾದ ಮೇಲೆ ಅರಗಾರ್ನ್ ಫ್ರೋಡೋನ ಹೆಸರೆತ್ತಿ ಒಬ್ಬನೇ ಮುನ್ನುಗ್ಗುವುದಕ್ಕೆ ಬೇರೆಯೇ ಅರ್ಥ ಬರುತ್ತದೆ. ಮೊದಲ ಸಲ ನೋಡುವವರಿಗೆ ಥಿಯೇಟರ್ ಆವೃತ್ತಿ, ಎರಡನೇ ಸಲಕ್ಕೆ ವಿಸ್ತೃತ. ಡಿಸ್ಕ್ ಬದಲಿಸುವ ಹೊತ್ತನ್ನು ಊಟಕ್ಕೆ ಇಟ್ಟುಕೊಳ್ಳಿ.

ಡಿಸ್ಕ್ ಬಿಟ್ಟು ಆ್ಯಪ್‌ನಲ್ಲಿ ನೋಡುವವರು ಮೊದಲು ಆಟೋಪ್ಲೇ ಆರಿಸಿ. ಇಲ್ಲದಿದ್ದರೆ ಸ್ಯಾಮ್ ಬಾಗಿಲು ಹಾಕಿದ ಕೂಡಲೇ ಚಿತ್ರ ಮೂಲೆಗೆ ಕುಗ್ಗಿ, ಇನ್ನಾವುದೋ ಚಿತ್ರದ ಟ್ರೈಲರ್ ಅಬ್ಬರಿಸುತ್ತದೆ. ಅದು ಕಳೆಯುವುದು ಆನಿ ಲೆನಾಕ್ಸ್ ಹಾಡಿದ, ಆಸ್ಕರ್ ಪಡೆದ ಹಾಡನ್ನು. ಚಿತ್ರ ನಾಮನಿರ್ದೇಶನಗೊಂಡ ಹನ್ನೊಂದಕ್ಕೆ ಹನ್ನೊಂದೂ ಆಸ್ಕರ್ ಗೆದ್ದಿತು, ಅದರಲ್ಲಿ ಇದೂ ಒಂದು. ಈ ಹಾಡಿನ ರಾಗ ನಿಮಗೆ ಮೊದಲೇ ಪರಿಚಯ. ಮುತ್ತಿಗೆಯ ನಡುವೆ ಸಾವಿಗೆ ಹೆದರಿದ ಪಿಪಿನ್‌ಗೆ ಗ್ಯಾಂಡಾಲ್ಫ್ ಆಚೆ ದಡದ ಬಿಳಿ ತೀರದ ಬಗ್ಗೆ ಹೇಳುವಾಗ ಹಿನ್ನೆಲೆಯಲ್ಲಿ ಮೆಲ್ಲಗೆ ಬರುವುದು ಇದೇ. ಹೆಸರುಗಳ ಜೊತೆ ಕಲಾವಿದ ಆಲನ್ ಲೀ ಪೆನ್ಸಿಲ್‌ನಲ್ಲಿ ಬರೆದ ಮುಖ್ಯ ನಟರ ಮುಖಗಳೂ ಬರುತ್ತವೆ, ಹಾಡು ಮುಗಿಯುವ ತನಕ ದೀಪ ಹಾಕಬೇಡಿ. ವಿಸ್ತೃತ ಡಿಸ್ಕ್‌ನಲ್ಲಿ ಅದರ ನಂತರ ಅಭಿಮಾನಿ ಸಂಘದ ಸದಸ್ಯರ ಹೆಸರುಗಳು ನಿಮಿಷಗಟ್ಟಲೆ ಹರಿಯುತ್ತವೆ, ಅಲ್ಲಿಗೆ ಬೇಕಾದರೆ ನಿಲ್ಲಿಸಬಹುದು.