ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಎಸ್‌ಯುವಿ ನೋಡ್ತಿದೀರಾ? ಟೋಕನ್ ಕೊಡೋ ಮುಂಚೆ ಇದನ್ನ ಓದಿ

ಡೀಲರ್ ಕೈಗೆ ಕೊಡೋ ಇನ್‌ಸ್ಪೆಕ್ಷನ್ ರಿಪೋರ್ಟ್ ನಂಬ್ಕೊಂಡು ಹೈಬ್ರಿಡ್ ಗಾಡಿಗೆ ದುಡ್ಡು ಕಟ್ಬೇಡಿ. ನಮಗೆ ಕೊಟ್ಟಿದ್ದ ರಿಪೋರ್ಟಲ್ಲಿ ಟೈರ್, ಪೇಂಟ್, ಎಸಿ, ಇಂಜಿನ್ ಎಲ್ಲದಕ್ಕೂ ಟಿಕ್ ಮಾರ್ಕ್ ಇತ್ತು, ಹೈಬ್ರಿಡ್ ಬ್ಯಾಟರಿ ಬಗ್ಗೆ ಮಾತ್ರ ಒಂದೇ ಒಂದು ಸಾಲೂ ಇರ್ಲಿಲ್ಲ.

ನಾವಿರೋದು ಮೈಸೂರಲ್ಲಿ. ಬೆಂಗಳೂರಿನ ಒಬ್ಬ ಯೂಸ್ಡ್ ಕಾರ್ ಡೀಲರ್ ಹತ್ರ 2022ರ ಮಾಡೆಲ್ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆಗೆ, ಸ್ವಲ್ಪ ದೂರ ಬರೀ ಬ್ಯಾಟರಿ ಮೋಟಾರಲ್ಲೂ ಓಡೋ) ಎಸ್‌ಯುವಿ ತಗೊಂಡ್ವಿ, ಟಿಎನ್ ರಿಜಿಸ್ಟ್ರೇಷನ್, ಸಿಂಗಲ್ ಓನರ್, ಓಡಿದ್ದೂ ಕಮ್ಮಿ. ಎನ್‌ಒಸಿ ಅವರೇ ತರಿಸ್ಕೊಟ್ರು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸಿದ್ವಿ. ಊರೊಳಗೆ ಲೀಟರ್‌ಗೆ 20ರ ಮೇಲೆ ಕೊಡ್ತಿತ್ತು, ಸಿಗ್ನಲ್ಲಲ್ಲಿ ಇಂಜಿನ್ ಆಫ್ ಆಗಿ ಸದ್ದಿಲ್ದೆ ಮುಂದೆ ಹೋದ್ರೆ ಅಪ್ಪಂಗೆ ಭಾರಿ ಖುಷಿ.

ಬಿಸಿಲು ಏರ್ತಿದ್ದ ಹಾಗೆ ಹಿಂದಿನ ಸೀಟ್ ಕಡೆಯಿಂದ ಫ್ಯಾನ್ ಸದ್ದು ಜೋರಾಗೋಕೆ ಶುರುವಾಯ್ತು. ಡೀಲರ್‌ಗೆ ಫೋನ್ ಮಾಡಿದ್ರೆ "ಹೈಬ್ರಿಡ್ ಅಂದ್ಮೇಲೆ ಅದೆಲ್ಲ ಇರುತ್ತೆ ಸರ್" ಅಂದ. ಆಮೇಲೊಂದಿನ ಅಪ್ಪ ಅಮ್ಮನ್ನ ಕರ್ಕೊಂಡು ಬಿಳಿಗಿರಿರಂಗನ ಬೆಟ್ಟ ಹತ್ತುವಾಗ ಹೈಬ್ರಿಡ್ ಸಿಸ್ಟಮ್ ವಾರ್ನಿಂಗ್ ಬಂತು, ಪಿಕಪ್ ಪೂರ್ತಿ ಹೋಯ್ತು, ಆನೆ ಓಡಾಡೋ ಕಾಡಲ್ಲಿ ವಯಸ್ಸಾದವರನ್ನ ಇಟ್ಕೊಂಡು ನಿಲ್ಲೋದು ಅಂದ್ರೆ ಏನು ಅಂತ ಆ ರೋಡಲ್ಲಿ ಹೋಗಿರೋರಿಗೆ ಗೊತ್ತು. ಕೆಳಗಿಂದ ಬಂದ ಮೆಕ್ಯಾನಿಕ್ ಪಾಪ ಸಹಾಯ ಮಾಡೋಕೇ ಬಂದಿದ್ದು, ಆದ್ರೆ ಸೀದಾ ಆರೆಂಜ್ ಕಲರ್ ಕೇಬಲ್‌ಗೆ ಕೈ ಹಾಕೋಕೆ ಹೋದ. ದಯವಿಟ್ಟು ಯಾರನ್ನೂ ಅದನ್ನ ಮುಟ್ಟೋಕೆ ಬಿಡ್ಬೇಡಿ, ಅದ್ರಲ್ಲಿ ನೂರು ವೋಲ್ಟ್‌ಗೂ ಜಾಸ್ತಿ ಡಿಸಿ ಕರೆಂಟ್ ಇರುತ್ತೆ, ಜೀವ ಹೋಗುತ್ತೆ. ಕೊನೆಗೆ ಫ್ಲಾಟ್‌ಬೆಡ್ ಮೇಲೆ ಹಾಕ್ಕೊಂಡು ಮೈಸೂರಿಗೆ ತಂದ್ವಿ.

ಆಥರೈಸ್ಡ್ ವರ್ಕ್‌ಶಾಪಲ್ಲಿ ಬೂಟ್ ಟ್ರಿಮ್ ಬಿಚ್ಚಿ ಬ್ಯಾಟರಿ ಕೂಲಿಂಗ್ ಫ್ಯಾನ್ ಹೊರಗೆ ತೆಗೆದ್ರು. ರೆಕ್ಕೆಗಳ ಮಧ್ಯೆ ಕೆಸರು ಒಣಗಿ ಪದರ ಪದರವಾಗಿ ಕೂತಿದೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರುತ್ತೆ. ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು. ಟೆಕ್ನಿಷಿಯನ್ "ಇಲ್ಲಿ ನೋಡಿ ಸರ್" ಅಂತ ಹಿಂದಿನ ಸೀಟ್ ಬೆಲ್ಟ್ ಪೂರ್ತಿ ಎಳೆದ, ಯಾವಾಗ್ಲೂ ಒಳಗೇ ಸುತ್ಕೊಂಡಿರೋ ಆ ಕೊನೆ ಭಾಗದಲ್ಲಿ ಮಣ್ಣು ನೀರಿನ ಕಲೆ ಹಾಗೇ ಇತ್ತು. ಚಾಸಿ ನಂಬರ್ ಹಾಕಿ ಹಿಸ್ಟರಿ ತೆಗೆದ್ರೆ 2023 ಡಿಸೆಂಬರಲ್ಲಿ ಚೆನ್ನೈನಲ್ಲಿ ನೀರು ನುಗ್ಗಿದ ಗಾಡಿ ಅಂತ ಎಂಟ್ರಿ. ಮಿಚಾಂಗ್ ಚಂಡಮಾರುತಕ್ಕೆ ವೇಳಚೇರಿ, ಪಳ್ಳಿಕರಣೈ ಎಲ್ಲಾ ಮುಳುಗಿತ್ತಲ್ಲ, ಅದೇ ಸಮಯ. ಸೀಟು, ಕಾರ್ಪೆಟ್ ತೊಳ್ದು ಪಳಪಳ ಅನ್ನಿಸಿ ಮಾರಿದಾರೆ, ಯಾರೂ ಬ್ಯಾಟರಿ ಕಡೆ ತಿರುಗೂ ನೋಡಿಲ್ಲ.

ಈ ಗಾಡಿಗಳ ಬ್ಯಾಟರಿಗೆ 8 ವರ್ಷ ಇಲ್ಲಾ 1,60,000 ಕಿಲೋಮೀಟರ್ ವಾರಂಟಿ ಅಂತಾರೆ, ನಿಜ, ಆದ್ರೆ ನೀರು ಹೋಗಿ ಹಾಳಾಗಿದ್ರೆ ಅದು ಬರಲ್ಲ. ಎಸ್ಟಿಮೇಟ್ ಲಕ್ಷಗಳಲ್ಲಿ ಬಂತು. ಡೀಲರ್ ಹೇಳಿದ್ದು, ನಮ್ಮ ವಾರಂಟಿ ಇಂಜಿನ್ ಗೇರ್‌ಬಾಕ್ಸ್‌ಗೆ ಮಾತ್ರ ಸರ್, ಫ್ಲಡ್ ಗಾಡಿ ಅಂತ ನಮಗೂ ಗೊತ್ತಿರ್ಲಿಲ್ಲ ಅಂತ. ಗೊತ್ತಿರ್ಲಿಲ್ಲ ಅನ್ನೋದನ್ನ ನಾನು ಸುತಾರಾಂ ಒಪ್ಪಲ್ಲ, ದಿನಾ ಗಾಡಿ ಮಾರೋನಿಗೆ ಸೀಟ್ ಬೆಲ್ಟ್ ಎಳೆದು ನೋಡೋದು ಗೊತ್ತಿಲ್ವಾ?

ನೀವು ನೋಡೋವಾಗ ಮೊದಲು ಚಾಸಿ ನಂಬರ್ ತಗೊಂಡು ಆ ಬ್ರ್ಯಾಂಡಿನ ಸರ್ವೀಸ್ ಸೆಂಟರಲ್ಲಿ ಹಿಸ್ಟರಿ ಕೇಳಿ, ಗಾಡಿನ ಅಲ್ಲಿಗೇ ತರಿಸಿ ಹೈಬ್ರಿಡ್ ಸಿಸ್ಟಮ್ ಸ್ಕ್ಯಾನ್ ಮಾಡಿಸಿ, ಡೀಲರ್ ಒಪ್ಪಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಹಳೇ ಇನ್ಶೂರೆನ್ಸ್ ಪಾಲಿಸಿ ಕಾಪಿ ಕೇಳಿ, ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದೇ ಇದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಸೊನ್ನೆ ಇದ್ರೆ ಯಾಕೆ ಅಂತ ಬಿಡ್ದೆ ಕೇಳಿ. ಬೂಟ್ ಮ್ಯಾಟ್ ಕೆಳಗೆ, ಸೀಟ್ ರೈಲ್ ಬೋಲ್ಟ್‌ಗಳಿಗೆ ಟಾರ್ಚ್ ಬಿಡಿ, ತುಕ್ಕು ಸುಳ್ಳು ಹೇಳಲ್ಲ.

ಈಗಾಗ್ಲೇ ಹೈಬ್ರಿಡ್ ಇಟ್ಕೊಂಡಿರೋರು ಹಿಂದಿನ ಸೀಟ್ ಹತ್ರ ಬ್ಯಾಟರಿಗೆ ಗಾಳಿ ಹೋಗೋ ಜಾಲರಿ ಇದ್ರೆ ಅದಕ್ಕೆ ಬ್ಯಾಗ್, ಸೀಟ್ ಕವರ್ ಅಡ್ಡ ಬರ್ದಂಗೆ ನೋಡ್ಕೊಳ್ಳಿ, ಸರ್ವೀಸಲ್ಲಿ ಅದರ ಫಿಲ್ಟರ್ ಕ್ಲೀನ್ ಮಾಡಿ ಅಂತ ಬಾಯ್ಬಿಟ್ಟು ಹೇಳಿ, ಹೇಳ್ದೆ ಇದ್ರೆ ಎಷ್ಟೋ ಕಡೆ ಮುಟ್ಟೋದೇ ಇಲ್ಲ.

ನಾವು ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದೀವಿ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಪೇಪರ್ಸ್ ರೆಡಿ ಆಗ್ತಿದೆ. ಅಲ್ಲಿ ಕೇಸ್ ಹಾಕೋಕೆ ಎರಡು ವರ್ಷ ಟೈಮ್ ಇರುತ್ತೆ, ಇದೇ ಥರ ಸಿಕ್ಕಾಕ್ಕೊಂಡಿರೋರು ಡೀಲರ್ ಜೊತೆಗಿನ ವಾಟ್ಸಾಪ್ ಮೆಸೇಜು, ಇನ್‌ಸ್ಪೆಕ್ಷನ್ ರಿಪೋರ್ಟು, ವರ್ಕ್‌ಶಾಪ್ ಫೋಟೋ ಯಾವುದನ್ನೂ ಡಿಲೀಟ್ ಮಾಡ್ಬೇಡಿ.