ಕಾರ್ಟಿಸಾಲ್ ರಕ್ತಪರೀಕ್ಷೆ: ಮನೆಯಲ್ಲೋ, ಲ್ಯಾಬಿನಲ್ಲೋ, ಆಸ್ಪತ್ರೆಯಲ್ಲೋ?

ಆಸ್ತಮಾಕ್ಕೆಂದು ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದ ಮೇಲೆ ಅದನ್ನು ಥಟ್ಟನೆ ನಿಲ್ಲಿಸುವಂತಿಲ್ಲ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿರುವಷ್ಟು ಕಾಲ ಮಿದುಳಿನ ಪಿಟ್ಯುಟರಿ ಸುಮ್ಮನಿರುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುವ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೊರಗುತ್ತದೆ. ಅದು ಚೇತರಿಸಿಕೊಂಡಿತೇ ಎಂದು ನೋಡಲು ಬೆಂಗಳೂರಿನಲ್ಲಿ ನಾನು ಮೂರು ಬಗೆಯಲ್ಲೂ ರಕ್ತ ಕೊಟ್ಟಿದ್ದೇನೆ.

ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಸೇವೆ ಆರಾಮದ್ದು, ನಿಜ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳಿಗೆ ನಾನು ಈಗಲೂ ಅವರನ್ನೇ ಕರೆಯುತ್ತೇನೆ. ಕಾರ್ಟಿಸಾಲ್‌ಗೆ ಮಾತ್ರ ಬೇಡ. ಈ ಹಾರ್ಮೋನು ಬೆಳಗಿನ 8ರ ಆಸುಪಾಸಿನಲ್ಲಿ ಉತ್ತುಂಗದಲ್ಲಿದ್ದು, ಆಮೇಲೆ ಇಳಿಯುತ್ತಾ ನಡುರಾತ್ರಿಗೆ ತಳ ಮುಟ್ಟುತ್ತದೆ. ಏಳಕ್ಕೆ ಬರುತ್ತೇನೆಂದ ಹುಡುಗ ಟ್ರಾಫಿಕ್ ದಾಟಿ ಹತ್ತೂವರೆಗೆ ಬಂದ. ಆ ಹೊತ್ತಿನ ಅಂಕಿಯನ್ನು ಎಂಟು ಗಂಟೆಯ ಅಳತೆಗೋಲಿಗೆ ಹಿಡಿದು ಏನು ಪ್ರಯೋಜನ? ವರದಿಯಲ್ಲಿ ರಕ್ತ ತೆಗೆದ ಸಮಯದ ಜಾಗದಲ್ಲಿ ಲ್ಯಾಬಿಗೆ ತಲುಪಿದ ಸಮಯ ಅಚ್ಚಾಗಿತ್ತು. ಎಸಿಟಿಎಚ್ (ಅಡ್ರಿನಲ್‌ಗೆ ಕೆಲಸ ಮಾಡೆನ್ನುವ ಪಿಟ್ಯುಟರಿಯ ಹಾರ್ಮೋನು) ಪರೀಕ್ಷೆಯನ್ನೂ ವೈದ್ಯರು ಬರೆದಿದ್ದರಂತೂ ಈ ದಾರಿ ಬೇಡವೇ ಬೇಡ. ಆ ಮಾದರಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ, ಮಂಜುಗಡ್ಡೆಯ ಮೇಲೆ, ಬೇಗ ಲ್ಯಾಬ್ ಸೇರಬೇಕು. ಬೈಕಿನ ಹಿಂದಿನ ಚೀಲದಲ್ಲಿ ಊರು ಸುತ್ತಬಾರದು.

ಲ್ಯಾಬಿಗೆ ನಾವೇ ನಡೆದು ಹೋದರೆ ಗಡಿಯಾರ ನಮ್ಮ ಕೈಯಲ್ಲಿರುತ್ತದೆ. ಏಳೂವರೆಗೆ ಹೋಗಿ, ಉಸಿರು ಹದಕ್ಕೆ ಬರುವ ತನಕ ಕುಳಿತು, ಎಂಟಕ್ಕೆ ಕೈ ಚಾಚಿದರಾಯಿತು. ಬೆಳಗಿನ ಸ್ಟೀರಾಯ್ಡ್ ಮಾತ್ರೆಯನ್ನು ಯಾವಾಗ ತಡೆಹಿಡಿಯಬೇಕು ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಪ್ರೆಡ್ನಿಸೊಲೋನ್ ಕಾರ್ಟಿಸಾಲ್‌ನ ಹತ್ತಿರದ ನೆಂಟ. ಅನೇಕ ಯಂತ್ರಗಳು ಅದನ್ನೂ ಕಾರ್ಟಿಸಾಲ್ ಎಂದೇ ಎಣಿಸಿಬಿಡುತ್ತವೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳ ಲೆಕ್ಕ ಕೆಡಿಸುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಒಟ್ಟು ಕಾರ್ಟಿಸಾಲ್ ಹೆಚ್ಚಾಗಿಯೇ ಕಾಣುತ್ತದೆ. ಇವುಗಳಲ್ಲಿ ಯಾವುದನ್ನೂ ಕೌಂಟರಿನಲ್ಲಿ ಕುಳಿತವರು ನನ್ನನ್ನು ಕೇಳಲಿಲ್ಲ.

ಆಸ್ಪತ್ರೆಯ ಪ್ರಚೋದನಾ ಪರೀಕ್ಷೆ ಅರ್ಧ ದಿನ ತಿನ್ನುತ್ತದೆ, ಜೇಬನ್ನೂ ತಿನ್ನುತ್ತದೆ. ಕ್ಯಾನುಲಾ ಚುಚ್ಚಿ ಮೊದಲ ರಕ್ತ, ಆಮೇಲೆ 250 ಮೈಕ್ರೋಗ್ರಾಂ ಸಂಶ್ಲೇಷಿತ ಎಸಿಟಿಎಚ್, ಮತ್ತೆ 30 ಮತ್ತು 60ನೇ ನಿಮಿಷಕ್ಕೆ ರಕ್ತ. ಔಷಧಿ ಎಲ್ಲ ಕಡೆಯೂ ಸುಲಭವಾಗಿ ಸಿಗುವುದಿಲ್ಲ, ಮೊದಲೇ ಫೋನ್ ಮಾಡಿ ವಿಚಾರಿಸಿ. ಆದರೆ ಬೆನ್ನು ತಟ್ಟಿದಾಗ ಗ್ರಂಥಿ ಏಳುತ್ತದೆಯೋ ಇಲ್ಲವೋ ಎಂಬುದನ್ನು ಈ ಮೂರರಲ್ಲಿ ನೇರವಾಗಿ ತೋರಿಸುವುದು ಇದೊಂದೇ.

ಹಾಗೆಂದು ಎಲ್ಲರಿಗೂ ಅದು ಬೇಕಿಲ್ಲ. 2024ರ ಯುರೋಪ್ ಮತ್ತು ಅಮೆರಿಕದ ಅಂತಃಸ್ರಾವ ತಜ್ಞರ ಜಂಟಿ ಮಾರ್ಗಸೂಚಿಯ ಪ್ರಕಾರ, ಸ್ಟೀರಾಯ್ಡ್ ಬಿಡುತ್ತಿರುವವರಲ್ಲಿ ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಚೇತರಿಸಿಕೊಂಡಿದೆ. 5ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ಮುಂದುವರಿಸಿ ಕೆಲವು ತಿಂಗಳ ನಂತರ ಮತ್ತೆ ನೋಡಬೇಕು. ನಡುವೆ ಸಿಕ್ಕಿಕೊಂಡವರು ವೈದ್ಯರು ಹೇಳಿದರೆ ಆಸ್ಪತ್ರೆಯ ಪರೀಕ್ಷೆಗೆ ಹೋಗಲಿ. ನನ್ನ ಆಯ್ಕೆ ನಡೆದು ಹೋಗುವ ಲ್ಯಾಬು, ಪ್ರತಿ ಸಲವೂ ಅದೇ ಲ್ಯಾಬು, ಏಕೆಂದರೆ ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. ವರದಿ ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದು ಬಂದರೆ ಗಾಬರಿ ಬೇಡ, 27.6ರಿಂದ ಭಾಗಿಸಿ, ಡೆಸಿಲೀಟರಿಗೆ ಎಷ್ಟು ಮೈಕ್ರೋಗ್ರಾಂ ಎಂಬುದು ಸಿಗುತ್ತದೆ.